ಅದೇ ಡಿಗ್ರಿ, ಮೇಲೆ ಏಳೂವರೆ ಲಕ್ಷ ಸಾಲ

ಜಿಲ್ಲಾ ಕೇಂದ್ರದ ಕಾನೂನು ಕಾಲೇಜಿನಲ್ಲಿ ಎರಡು ವರ್ಷ ಓದಿ, ಉಳಿದ ಮೂರು ವರ್ಷಕ್ಕೆ ಬೆಂಗಳೂರಿನ ಖಾಸಗಿ ಕಾಲೇಜಿಗೆ ಹೋಗಬೇಕು ಎನ್ನುವ ತಮ್ಮ ತಂಗಿಯರಿಗೆ ಮೊದಲ ಪ್ರಶ್ನೆ: ಕೊನೆಗೆ ಕೈಗೆ ಬರುವ ಡಿಗ್ರಿಯ ಮೇಲೆ ಯಾರ ಹೆಸರಿರುತ್ತದೆ? ನೀವು ಸೇರುವುದು ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಸಂಯೋಜಿತ ಕಾಲೇಜಾದರೆ, ಊರಿನಲ್ಲೇ ಉಳಿದರೂ ಅದೇ ಹೆಸರು, ಹೋದರೂ ಅದೇ ಹೆಸರು. 2009ರಲ್ಲಿ ಹುಬ್ಬಳ್ಳಿಯಲ್ಲಿ ಈ ವಿಶ್ವವಿದ್ಯಾಲಯ ಆದಾಗಿನಿಂದ ರಾಜ್ಯದ ಬಹುಪಾಲು ಕಾನೂನು ಕಾಲೇಜುಗಳು ಅದರಡಿಯಲ್ಲೇ ಇವೆ. ಸಿಲೆಬಸ್ ಅದೇ, ಪರೀಕ್ಷೆ ಅದೇ. ಬದಲಾಗುವುದು ಕಟ್ಟಡ ಮತ್ತು ಶುಲ್ಕದ ರಸೀದಿ.

ಈಗ ಲೆಕ್ಕಕ್ಕೆ ಬನ್ನಿ. ಶುಲ್ಕ, ಪಿಜಿ, ಊಟ, ಓಡಾಟ ಸೇರಿ ವರ್ಷಕ್ಕೆ 2.5 ಲಕ್ಷ ಎಂದಿಟ್ಟುಕೊಳ್ಳಿ. ಮೂರು ವರ್ಷಕ್ಕೆ 7.5 ಲಕ್ಷ. ಇದನ್ನು ದಾಟಿದರೆ ಬ್ಯಾಂಕಿನವರು ಸಾಮಾನ್ಯವಾಗಿ ಮನೆ ಅಥವಾ ನಿವೇಶನದ ಪತ್ರ ಅಡವು ಕೇಳುತ್ತಾರೆ, ಹಾಗಾಗಿ ಅಲ್ಲಿಗೇ ನಿಲ್ಲೋಣ. ಓದುವಾಗ ಮತ್ತು ಓದು ಮುಗಿದ ಒಂದು ವರ್ಷ ಕಂತು ಕಟ್ಟಬೇಕಿಲ್ಲ, ಆದರೆ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಶೇ 10ರ ಸರಳ ಬಡ್ಡಿ ಹಾಕಿದರೂ ಕಂತು ಶುರುವಾಗುವ ಹೊತ್ತಿಗೆ ಸಾಲ ಸುಮಾರು 9.75 ಲಕ್ಷ ಆಗಿರುತ್ತದೆ. ಹತ್ತು ವರ್ಷದಲ್ಲಿ ತೀರಿಸಬೇಕೆಂದರೆ ತಿಂಗಳಿಗೆ ಸುಮಾರು 12,900 ರೂಪಾಯಿ. ಒಟ್ಟು ಕಟ್ಟುವುದು 15 ಲಕ್ಷ ದಾಟುತ್ತದೆ.

ಆ ಒಂದು ವರ್ಷ ಮುಗಿದಾಗ ನೀವು ಎಲ್ಲಿರುತ್ತೀರಿ? ಯಾವುದೋ ಸೀನಿಯರ್ ಹತ್ತಿರ ಜೂನಿಯರ್ ಆಗಿ, ಫೈಲು ಹೊತ್ತು, ಮುಂದಿನ ದಿನಾಂಕ ಬರೆದುಕೊಳ್ಳುತ್ತಿರುತ್ತೀರಿ. ಕಿರಿಯ ವಕೀಲರಿಗೆ ನಗರದಲ್ಲಿ ತಿಂಗಳಿಗೆ ಕನಿಷ್ಠ 20,000, ಗ್ರಾಮೀಣ ಭಾಗದಲ್ಲಿ 15,000 ಕೊಡಿ ಎಂದು ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರ್‌ನಲ್ಲಿ ಸುತ್ತೋಲೆ ಹೊರಡಿಸಿತು. ಅದು ಶಿಫಾರಸು, ಕಡ್ಡಾಯವಲ್ಲ. ನಿಮ್ಮ ತಾಲ್ಲೂಕು ಕೋರ್ಟಿನ ಜೂನಿಯರ್ ಒಬ್ಬರನ್ನು ಚಹಾಕ್ಕೆ ಕರೆದು, ಎಷ್ಟು ಸಿಗುತ್ತದೆ ಎಂದು ನೀವೇ ಕೇಳಿ. ಚಹಾದ ದುಡ್ಡು ಮಾತ್ರ ನೀವೇ ಕೊಡಿ.

‘ನಾನು ಜಡ್ಜ್ ಆಗುತ್ತೇನೆ’ ಎನ್ನುವವರ ಪಾಡು ಇನ್ನೂ ಬಿಗಿ. ಸಿವಿಲ್ ನ್ಯಾಯಾಧೀಶರ ಪರೀಕ್ಷೆ ಬರೆಯಲು ಮೂರು ವರ್ಷದ ವಕೀಲಿಕೆ ಬೇಕು ಎಂಬ ನಿಯಮವನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಮತ್ತೆ ತಂದಿದೆ. ಬ್ಯಾಂಕು ಕಾಯುವುದು ಒಂದು ವರ್ಷ, ಪರೀಕ್ಷೆ ಕಾಯಿಸುವುದು ಮೂರು ವರ್ಷ. ನಡುವಿನ ಎರಡು ವರ್ಷದ ಕಂತು ಅಪ್ಪನ ಹೈನಿನ ದುಡ್ಡಿನಿಂದಲೋ, ತಂಗಿಯ ಪಿಯುಸಿ ಶುಲ್ಕದಿಂದಲೋ ಹೋಗಬೇಕು. ಆ ಪರೀಕ್ಷೆಯಲ್ಲಾಗಲಿ, ಎಲ್ಲರೂ ಬರೆಯಬೇಕಾದ ಅಖಿಲ ಭಾರತ ವಕೀಲರ ಪರೀಕ್ಷೆಯಲ್ಲಾಗಲಿ ಕಾಲೇಜಿನ ಹೆಸರಿಗೆ ಒಂದು ಅಂಕವೂ ಇಲ್ಲ.

ಬೆಂಗಳೂರಿನಲ್ಲಿ ಹೈಕೋರ್ಟ್ ಇದೆ, ಇಂಟರ್ನ್‌ಶಿಪ್ ಸಿಗುತ್ತದೆ ಎಂಬ ಮಾತು ಸುಳ್ಳಲ್ಲ. ಆದರೆ ಧಾರವಾಡ, ಕಲಬುರಗಿಗಳಲ್ಲಿ 2008ರಿಂದಲೂ ಹೈಕೋರ್ಟ್ ಪೀಠಗಳಿವೆ. ಗದಗಿನ ಹುಡುಗಿ ಹೈಕೋರ್ಟ್ ಕಲಾಪ ನೋಡಲು ರಾತ್ರಿ ಬಸ್ ಹತ್ತಬೇಕಿಲ್ಲ. ಐದು ವರ್ಷದ ಕೋರ್ಸಿನಲ್ಲಿ ಕನಿಷ್ಠ 20 ವಾರ ಇಂಟರ್ನ್‌ಶಿಪ್ ಮಾಡಲೇಬೇಕು ಎಂದು ಪರಿಷತ್ತಿನ ನಿಯಮವೇ ಹೇಳುತ್ತದೆ. ರಜೆಯಲ್ಲಿ ನಾಲ್ಕು ನಾಲ್ಕು ವಾರ ಬೆಂಗಳೂರಿನ ಪಿಜಿಯಲ್ಲಿದ್ದು ಬನ್ನಿ. ಅದಕ್ಕೆ ಕಾಲೇಜು ಬದಲಿಸುವುದು, ಮೊಸರಿಗೆಂದು ಎಮ್ಮೆ ಕೊಂಡಂತೆ.

ಒಂದು ಸಂದರ್ಭದಲ್ಲಿ ಮಾತ್ರ ನನ್ನ ವಾದ ಸಡಿಲ. ದೊಡ್ಡ ಕಾನೂನು ಸಂಸ್ಥೆಗಳು, ಕಂಪನಿಗಳು ನಿಜಕ್ಕೂ ಬಂದು ಆಯ್ಕೆ ಮಾಡಿಕೊಳ್ಳುವ ಕ್ಯಾಂಪಸ್ಸುಗಳು ಕೆಲವಿವೆ. ಕಾರ್ಪೊರೇಟ್ ಕೆಲಸವೇ ಬೇಕು ಎನ್ನುವವರಿಗೆ ಅಲ್ಲಿ ಸಾಲ ಮಾಡುವುದರಲ್ಲಿ ಅರ್ಥವಿರಬಹುದು. ಆದರೆ ಅಂಥ ಹೆಸರಾಂತ ರಾಷ್ಟ್ರೀಯ ಕಾನೂನು ಶಾಲೆಗಳ ಬಾಗಿಲು ಪ್ರವೇಶ ಪರೀಕ್ಷೆ ಬರೆದು ಮೊದಲ ವರ್ಷಕ್ಕೆ ಬರುವವರಿಗೆ, ನಡುವೆ ಬಂದವರಿಗಲ್ಲ. ನಡುವೆ ಸೇರಿಸಿಕೊಳ್ಳುವ ಕಾಲೇಜು ‘ಅತ್ಯಧಿಕ ಪ್ಯಾಕೇಜ್’ ಎಂದು ಫ್ಲೆಕ್ಸ್ ತೋರಿಸಿದರೆ, ಆ ಒಬ್ಬನನ್ನು ಬಿಟ್ಟು ಉಳಿದವರು ಏನು ಮಾಡುತ್ತಿದ್ದಾರೆ, ಕಳೆದ ವರ್ಷ ಮುಗಿಸಿದವರಲ್ಲಿ ಎಷ್ಟು ಜನರಿಗೆ ಯಾವ ಸಂಬಳ ಎಂದು ಬರವಣಿಗೆಯಲ್ಲಿ ಕೇಳಿ.

ಊರಿನ ಕಾಲೇಜು ಚೆನ್ನಾಗಿದೆ ಎಂದು ನಾನು ಹೇಳುತ್ತಿಲ್ಲ. ಪಾಠ ನಡೆಯದಿದ್ದರೆ, ಅಣಕು ನ್ಯಾಯಾಲಯ ವರ್ಷಕ್ಕೊಮ್ಮೆ ಫೋಟೋಗಾಗಿ ಮಾತ್ರ ನಡೆದರೆ, ಲೈಬ್ರರಿಗೆ ಬೀಗ ಬಿದ್ದಿದ್ದರೆ ಸಿಟ್ಟು ಬರಲೇಬೇಕು. ಆದರೆ ಆ ಸಿಟ್ಟಿನ ಬಿಲ್ಲನ್ನು ನಿಮ್ಮಪ್ಪ ಏಕೆ ಕಟ್ಟಬೇಕು? ಕಾನೂನು ಓದುವವರು ನೀವು, ಮಾಹಿತಿ ಹಕ್ಕಿನ ಅರ್ಜಿ ಬರೆಯಲು ನಿಮಗೆ ಯಾರೂ ಕಲಿಸಬೇಕಿಲ್ಲ. ಸರ್ಕಾರಿ ಅಥವಾ ಅನುದಾನಿತ ಕಾಲೇಜಾದರೆ ಮಂಜೂರಾದ ಬೋಧಕ ಹುದ್ದೆ ಎಷ್ಟು, ಖಾಲಿ ಎಷ್ಟು, ಪುಸ್ತಕಕ್ಕೆ ಬಂದ ಹಣ ಎಷ್ಟು, ಖರ್ಚಾದದ್ದು ಎಷ್ಟು ಎಂದು ಕೇಳಿ. ಅರ್ಜಿ ಶುಲ್ಕ ಹತ್ತು ರೂಪಾಯಿ. ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ಬಂದರೆ ನಮಗೂ ಒಂದು ಪ್ರತಿ ಕಳಿಸಿ, ಇಲ್ಲೇ ಹಾಕುತ್ತೇವೆ.