ಉಮ್ಮನಿಗೆ ಯಾವ ಬಣ್ಣ?

ಮದುವೆ ಜವಳಿಗೆ, ಪೆರ್ನಾಲ್ ಬಟ್ಟೆಗೆ ಅಂತ ನಾವು ಕರಾವಳಿಯವರೂ ಈಗ ರಾತ್ರಿ ಬಸ್ ಹತ್ತಿ ಬೆಂಗಳೂರಿನ ಕಮರ್ಷಿಯಲ್ ಸ್ಟ್ರೀಟಿಗೆ ಹೋಗುತ್ತೇವೆ. ಅಲ್ಲಿ ಅಂಗಡಿಯವರು ಬೇಸಿಗೆಗೆ ತಿಳಿ ಬಣ್ಣ, ಚಳಿಗೆ ಗಾಢ ಬಣ್ಣ, ಈ ಸೀಸನ್‌ಗೆ ಇದೇ ಅನ್ನುತ್ತಾರೆ. ನಮ್ಮ ಪೆರ್ನಾಲಿಗೆ ಸೀಸನ್ ಎಲ್ಲಿದೆ? ಈದುಲ್ ಫಿತ್ರ್ 2000ದಲ್ಲಿ ಡಿಸೆಂಬರ್ ಚಳಿಗೆ ಬಂದಿತ್ತು, 2017ರಲ್ಲಿ ಜೂನ್ ಮಳೆಗೆ, 2024ರಲ್ಲಿ ಏಪ್ರಿಲ್ ಸೆಕೆಗೆ. ಸೆಕೆಗೆ ಹತ್ತಿ ಬಟ್ಟೆ ಬೇಕು, ಅದು ಸರಿ. ಬಣ್ಣದ ಮಾತು ವ್ಯಾಪಾರ, ಕೇಳಿ ನಕ್ಕುಬಿಡಬಹುದು.

ನಗಲಾಗದ್ದು ನಮ್ಮದೇ ನಿಯಮ. ಗಂಡ ತೀರಿಹೋಗಿ ಮೂರು ವರ್ಷವಾದ ಉಮ್ಮನ ಕೈ ಅದೇ ಅಂಗಡಿಯಲ್ಲಿ ಒಂದು ಕಡುಗೆಂಪು ಬಟ್ಟೆಯ ಮೇಲೆ ನಿಂತರೆ, "ಅದು ಬೇಡ ಉಮ್ಮ, ಜನ ಏನಂತಾರೆ" ಎಂದು ಬೂದು ಬಣ್ಣದ್ದನ್ನು ಎತ್ತಿಕೊಡುವವರು ನಾವೇ. ಇದ್ದತ್‌ನಲ್ಲಿ ಅಲಂಕಾರದ ಬಟ್ಟೆ ಬಿಡಬೇಕು, ಒಪ್ಪೋಣ. ಅದಕ್ಕೆ ಕುರ್‌ಆನ್ ಹೇಳಿದ ಅವಧಿ 4 ತಿಂಗಳು 10 ದಿನ, ಗರ್ಭಿಣಿಗಾದರೆ ಹೆರಿಗೆಯವರೆಗೆ. ಅದರಾಚೆಯ ಈ ಬಿಳಿ, ಬೂದು ಯಾವ ಕಿತಾಬಿನದ್ದು? ಬಿಳಿ ಬಟ್ಟೆ ಉತ್ತಮವೆಂದು ಪ್ರವಾದಿಯವರು ಹೇಳಿದ್ದು ನಿಜ. ಅದನ್ನು ವಿಧವೆಯ ಗುರುತು ಮಾಡಿದವರು ನಾವು. ಹೆಂಡತಿ ತೀರಿಹೋದ ಗಂಡಸಿನ ಅಂಗಿಯ ಬಣ್ಣ ಯಾರೂ ನೋಡುವುದಿಲ್ಲ. ವರ್ಷ ತುಂಬುವ ಮೊದಲೇ ಅವನಿಗೆ ಮದುಮಗನ ಕೋಟು ಹೊಲಿಸುತ್ತೇವೆ!

ಮುಂದಿನ ಸಲ ಅಂಗಡಿಗೆ ಹೋದಾಗ ಉಮ್ಮನ ಕೈ ಯಾವ ಬಟ್ಟೆಯ ಮೇಲೆ ನಿಲ್ಲುತ್ತದೋ ಅದನ್ನೇ ಬಿಲ್ ಮಾಡಿಸೋಣ. ಊರಲ್ಲಿ ಯಾರಾದರೂ ಕೇಳಿದರೆ, ನಾವೇ ಕೊಡಿಸಿದ್ದು ಅನ್ನೋಣ.