ಕುರ್ಚಿ ತುಂಬಿಸಲಿಕ್ಕೆ ಬಂದ ಮಕ್ಕಳು

ಮಾರ್ಚ್ ಕ್ಲೋಸಿಂಗ್ ಗಲಾಟೆಯಲ್ಲಿ ಸುಮಾರು ದಿನಗಳಿಂದ ಈ ಕಡೆ ತಲೆ ಹಾಕಲಿಕ್ಕೆ ಆಗಿರಲಿಲ್ಲ. ಆದರೆ ಜನವರಿಯಿಂದ ಹೊಟ್ಟೆಯೊಳಗೆ ಕುದಿಯುತ್ತಿದ್ದ ವಿಷಯ ಒಂದಿತ್ತು. ಸಿಟ್ಟು ಸ್ವಲ್ಪ ತಣ್ಣಗಾಗಲಿ, ಆಮೇಲೆ ಬರೆಯುವ ಅಂದುಕೊಂಡೆ. ಮೂರು ತಿಂಗಳಾಯಿತು, ತಣ್ಣಗಾಗಲಿಲ್ಲ. ಹಾಗಾಗಿ ಬಿಸಿ ಬಿಸಿಯಾಗಿಯೇ ಬಡಿಸುತ್ತಿದ್ದೇನೆ.

ನಾನು ಸಾಹಿತಿ ಅಲ್ಲ. ಕುಂದಾಪುರದ ಕಡೆಯವ, ಬಿಕಾಂ ಮಾಡಿ ಬ್ಯಾಂಕು ಸೇರಿ, 1991ರಲ್ಲಿ ಮುಂಬಯಿಗೆ ಬಂದವ. ಓದುವ ಚಟ ಇದೆ, ಅಷ್ಟೆ. ಇಲ್ಲಿಯ ಒಂದು ಕನ್ನಡ ಸಂಘದಲ್ಲಿ ಕೋಶಾಧಿಕಾರಿ. ಬ್ಯಾಂಕಿನವ ಸಿಕ್ಕಿದರೆ ಸಂಘದವರು ಬೇರೆ ಯಾವ ಹುದ್ದೆಯನ್ನೂ ಕೊಡುವುದಿಲ್ಲ, ನಿಮಗೂ ಗೊತ್ತಿರಬಹುದು! ಸಂಘದ ಹೆಸರು ಬೇಡ. ಹೇಳಿದರೂ ಹೇಳದಿದ್ದರೂ ವ್ಯತ್ಯಾಸ ಏನೂ ಇಲ್ಲ. ಮುಂಬಯಿ, ಪುಣೆ, ಹೈದರಾಬಾದು, ದಿಲ್ಲಿ ಎಲ್ಲಿದ್ದರೂ ಓದುವಾಗ ನಿಮಗೆ ನಿಮ್ಮ ಸಂಘವೇ ನೆನಪಾದೀತು.

ನಮ್ಮಲ್ಲಿ ವರ್ಷಕ್ಕೊಮ್ಮೆ ಎರಡು ದಿನದ ಸಾಹಿತ್ಯೋತ್ಸವ. ಜೈಪುರದಲ್ಲಿ 2006ರಲ್ಲಿ ಶುರುವಾದ ಮೇಲೆ ಊರೂರಿಗೂ ಹಬ್ಬಿದ ಹಬ್ಬ ಇದು. ಅದರಲ್ಲಿ ಭಾನುವಾರ ಬೆಳಿಗ್ಗೆ ಹೈಸ್ಕೂಲ್ ಮಕ್ಕಳಿಗೆ ಮೀಸಲು. ಎಂಟು, ಒಂಬತ್ತು, ಹತ್ತನೇ ಕ್ಲಾಸು. ಕರಪತ್ರದಲ್ಲಿ 'ಲೇಖಕರೊಂದಿಗೆ ವಿದ್ಯಾರ್ಥಿಗಳ ಸಂವಾದ' ಅಂತ ದಪ್ಪ ಅಕ್ಷರದಲ್ಲಿ ಹಾಕಿರುತ್ತೇವೆ. ಹಾಕಿಸಿದವರಲ್ಲಿ ನಾನೂ ಒಬ್ಬ. ಆದ್ದರಿಂದ ಮುಂದೆ ಬೈದದ್ದೆಲ್ಲ ಮೊದಲು ನನಗೆ, ಆಮೇಲೆ ಉಳಿದವರಿಗೆ.

ಕಳೆದ ಜನವರಿಯಲ್ಲಿ ಏನಾಯಿತು ಕೇಳಿ. ಮಕ್ಕಳು ಎಂಟೂವರೆಗೇ ಬಸ್ಸಿನಲ್ಲಿ ಬಂದಿಳಿದರು. ಯೂನಿಫಾರಂ, ಎಣ್ಣೆ ಹಾಕಿ ಬಾಚಿದ ತಲೆ, ಹುಡುಗಿಯರಿಗೆ ಎರಡು ಜಡೆ. ಒಂಬತ್ತೂವರೆಗೆ ಉದ್ಘಾಟನೆ ಅಂತ ಇದ್ದದ್ದು ಮುಖ್ಯ ಅತಿಥಿಗಳು ಬರುವಾಗ ಹನ್ನೊಂದಾಯಿತು. ವೇದಿಕೆಯ ಮೇಲೆ ಹನ್ನೊಂದು ಕುರ್ಚಿ, ಹನ್ನೊಂದಕ್ಕೂ ಜನ. ದೀಪ, ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ. ಮೈಸೂರು ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ, ಹನ್ನೊಂದು ಜನರಿಗೂ ಬೇರೆ ಬೇರೆ, ಒಬ್ಬೊಬ್ಬರಿಗೂ ಫೋಟೊ. ಫೋಟೊಕ್ಕೆ ಚಂದ ಕಾಣಲಿ ಅಂತ ಮಕ್ಕಳನ್ನು ಮೊದಲ ನಾಲ್ಕು ಸಾಲಿನಲ್ಲಿ ಕೂರಿಸಿದ್ದೆವು. ಅಷ್ಟರಲ್ಲಿ ಪ್ರಾಯೋಜಕರು ಸಂಸಾರ ಸಮೇತ ಬಂದರು. 'ಮಕ್ಕಳೇ, ಸ್ವಲ್ಪ ಹಿಂದೆ ಹೋಗ್ತೀರಾ' ಅಂತ ಎಬ್ಬಿಸಿ ಹಿಂದೆ ಕಳಿಸಿದವ ನಾನೇ.

ಮಕ್ಕಳೊಟ್ಟಿಗೆ ಮಾತಾಡಲಿಕ್ಕೆ ಅಂತ ಬೆಂಗಳೂರಿನಿಂದ ಒಬ್ಬ ಕತೆಗಾರರನ್ನು ಕರೆಸಿದ್ದೆವು. ಒಳ್ಳೆಯ ಮನುಷ್ಯ, ಒಳ್ಳೆಯ ಬರಹಗಾರ. ಅವರ ಪಾಲಿಗೆ ಕೊನೆಗೆ ಉಳಿದದ್ದು ಹದಿನೈದು ನಿಮಿಷ. ಪ್ರಶ್ನೆಗಳನ್ನು ಶಿಕ್ಷಕರು ಮೊದಲೇ ಚೀಟಿಯಲ್ಲಿ ಬರೆದು ಕೊಟ್ಟಿದ್ದರು. 'ತಮಗೆ ಬರೆಯಲು ಪ್ರೇರಣೆ ಏನು?' 'ಯುವ ಪೀಳಿಗೆಗೆ ತಮ್ಮ ಸಂದೇಶವೇನು?' ಮಕ್ಕಳು ಪಾಪ, ಚೀಟಿ ನೋಡಿ ಓದಿದರು. ಅವರೂ ಪಾಪ, ಸಂದೇಶ ಕೊಟ್ಟರು.

ಆಗ ಹಿಂದಿನ ಸಾಲಿನಿಂದ ಒಂಬತ್ತನೇ ಕ್ಲಾಸಿನ ಒಂದು ಹುಡುಗಿ ಎದ್ದಿತು. ಕೈಯಲ್ಲಿ ಚೀಟಿ ಇಲ್ಲ. ವಿಜಯಪುರದ ಕಡೆಯ ಮಾತು. "ಸರ, ನಿಮ್ಮ ಪುಸ್ತಕ ಎಲ್ಲಿ ಸಿಗತಾವರಿ? ನಮ್ಮ ಸಾಲ್ಯಾಗ ಇಲ್ಲರಿ. ಓದಿದ್ರ ಏನರ ಕೇಳಬಹುದಿತ್ತು."

ಸಭೆಯಲ್ಲಿ ನಗು. ಸಿಟ್ಟಿನ ನಗು ಅಲ್ಲ, 'ಎಷ್ಟು ಮುಗ್ಧ ನೋಡಿ' ಅನ್ನುವ ನಗು. ಅದು ಇನ್ನೂ ಕೆಟ್ಟದ್ದು ಮಾರಾಯ್ರೇ. ಕತೆಗಾರರು ಏನೋ ಹೇಳಲಿಕ್ಕೆ ಬಾಯಿ ತೆರೆದರು. ನಿರೂಪಕರು ಮೈಕು ಹಿಡಿದು 'ಸಮಯದ ಅಭಾವದಿಂದ' ಅಂದುಬಿಟ್ಟರು. ಹುಡುಗಿ ಕೂತಿತು. ಮುಂದಿನ ಕಾರ್ಯಕ್ರಮ ಸಮೂಹ ಗೀತೆ.

ಆ ಹೊತ್ತಿಗೆ ನನ್ನ ತೊಡೆಯ ಮೇಲೆ ವೋಚರ್ ಫೈಲು ಇತ್ತು. ಮನೆಗೆ ಹೋಗಿ ರಾತ್ರಿ ಲೆಕ್ಕ ಬರೆಯಲಿಕ್ಕೆ ಕೂತೆ. ಆ ಬೆಳಗಿನ ಕಾರ್ಯಕ್ರಮ ಒಂದಕ್ಕೇ ಖರ್ಚು 83 ಸಾವಿರ. ಸನ್ಮಾನದ ಬಾಬ್ತು 31 ಸಾವಿರ. ಫ್ಲೆಕ್ಸು, ಹೂವು, ವೇದಿಕೆಗೆ 14. ಉಪ್ಪಿಟ್ಟು, ಶಿರಾ, ಮಧ್ಯಾಹ್ನದ ಊಟಕ್ಕೆ 22, ಬಸ್ಸಿಗೆ 12. ಪ್ರಮಾಣಪತ್ರ ಮತ್ತು ಪ್ರಾಯೋಜಕರ ಹೆಸರಿನ ಪೆನ್ನಿಗೆ 4. ಮೂವತ್ತಮೂರು ವರ್ಷ ಬ್ಯಾಂಕಿನಲ್ಲಿ ಲೆಕ್ಕ ನೋಡಿದವ ನಾನು. ಡೆಬಿಟ್ಟು ಕ್ರೆಡಿಟ್ಟು ಎರಡೂ ಕಡೆ ಸರಿಯಾಗಿ ಕೂತಿತು. ಆದರೆ ಸಾಹಿತ್ಯೋತ್ಸವದ ಆ ಲೆಕ್ಕದಲ್ಲಿ 'ಪುಸ್ತಕ' ಅಂತ ಒಂದು ಬಾಬ್ತೇ ಇರಲಿಲ್ಲ! ಸೊನ್ನೆ ಅಲ್ಲ, ಆ ಹೆಡ್ಡೇ ಇಲ್ಲ. ಹಿಂದಿನ ಆರು ವರ್ಷದ ಫೈಲು ತೆಗೆದೆ. ಇಲ್ಲ.

ಆ ಕತೆಗಾರರ ಸಂಕಲನದ ಬೆಲೆ 180 ರೂಪಾಯಿ. ನಲವತ್ತು ಪ್ರತಿಗೆ 7,200. ಮೂರು ಪೇಟ, ಆರು ಶಾಲು ಕಮ್ಮಿ ಮಾಡಿದ್ದರೆ ಸಾಕಿತ್ತು.

ಈಗ ಹೇಳಲೇಬೇಕಾದ ಒಂದು ಮಾತು. ಕೆಲವರಿಗೆ ಕಹಿಯಾಗುತ್ತದೆ, ಆಗಲಿ. ಆ ಸಭೆಯಲ್ಲಿ ಕೂತ ಮಕ್ಕಳು ಯಾರು? ಕಾರ್ಯಕಾರಿ ಸಮಿತಿಯ ನಮ್ಮ ಮಕ್ಕಳಲ್ಲ. ನಮ್ಮ ಮಕ್ಕಳೆಲ್ಲ ಇಂಗ್ಲಿಷ್ ಮೀಡಿಯಂ. ನನ್ನ ಮಗಳು ಮನೆಯಲ್ಲಿ ಕುಂದಾಪುರ ಕನ್ನಡ ಚೆನ್ನಾಗಿಯೇ ಮಾತಾಡುತ್ತಾಳೆ, ಓದಲಿಕ್ಕೆ ಬರುವುದಿಲ್ಲ. ತಪ್ಪು ನನ್ನದು, ಒಪ್ಪಿದೆ. ಭಾನುವಾರ ಬೆಳಿಗ್ಗೆ ನಮ್ಮ ಮಕ್ಕಳು ಕೋಚಿಂಗ್ ಕ್ಲಾಸಿನಲ್ಲಿ ಇರುತ್ತಾರೆ. ಕುರ್ಚಿ ತುಂಬಿಸಲಿಕ್ಕೆ ಬರುವವರು ಕಲಬುರಗಿ, ಯಾದಗಿರಿ, ವಿಜಯಪುರದಿಂದ ಬಂದು ಕಟ್ಟಡದ ಕೆಲಸ ಮಾಡುವವರ ಮಕ್ಕಳು, ವಾಚ್‌ಮನ್‌ಗಳ ಮಕ್ಕಳು, ಹೊಟೇಲಿನವರ ಮಕ್ಕಳು, ನಮ್ಮ ಮನೆಗಳಲ್ಲಿ ಪಾತ್ರೆ ತೊಳೆಯುವವರ ಮಕ್ಕಳು. ಮುಂಬಯಿ ಮಹಾನಗರ ಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಅದರಲ್ಲಿ ಕನ್ನಡವೂ ಒಂದು. ಖಾಸಗಿ ಕನ್ನಡ ಶಾಲೆಗಳೂ ಬೆರಳೆಣಿಕೆಯಷ್ಟು ಉಳಿದಿವೆ. ಈ ಊರಿನಲ್ಲಿ ಕನ್ನಡವನ್ನು ನಿಜವಾಗಿ ಓದಿ, ಬರೆದು, ಅದರಲ್ಲೇ ಎಸ್ಸೆಸ್ಸಿ ಪರೀಕ್ಷೆ ಕಟ್ಟುವವರು ಆ ಮಕ್ಕಳು ಮಾತ್ರ. ಕನ್ನಡ ಉಳಿಸಿ ಅಂತ ಅವರಿಗೇ ಭಾಷಣ ಮಾಡುವವರು ನಾವು. ಎಂಥ ತಮಾಷೆ ನೋಡಿ.

ಅವರ ಕೈಯಲ್ಲಿರುವ ಕನ್ನಡ ಪುಸ್ತಕ ಅಂದರೆ ಬಾಲಭಾರತಿ ಅಚ್ಚು ಹಾಕಿಸುವ ಪಠ್ಯಪುಸ್ತಕ ಒಂದೇ. ನಮ್ಮ ಬಿಲ್ಡಿಂಗಿನ ಮರಾಠಿ ಹುಡುಗನ ಮನೆಗೆ 'ಕಿಶೋರ' ಬರುತ್ತದೆ. ಅದೇ ಬಾಲಭಾರತಿ 1971ರಿಂದ ಮಕ್ಕಳಿಗಾಗಿ ತರುತ್ತಿರುವ ಮಾಸಿಕ. ಮರಾಠಿಯಲ್ಲಿ ಮಾತ್ರ. ಸರಿ, ಅದು ಅವರ ರಾಜ್ಯ, ಅವರ ಭಾಷೆ. ಕನ್ನಡದ ಮಕ್ಕಳಿಗೆ ಪಠ್ಯದ ಆಚೆ ಏನಾದರೂ ಕೊಡಬೇಕಾದವರು ಯಾರು? ಸಂಘಗಳಲ್ಲವೇ? ಒಂದು ಕಾಲದಲ್ಲಿ ಕೊಟ್ಟವೂ ಹೌದು. ಹಗಲು ಹೊಟೇಲಿನಲ್ಲಿ ಟೇಬಲ್ ಒರೆಸಿ ರಾತ್ರಿ ಶಾಲೆಯಲ್ಲಿ ಕನ್ನಡ ಓದಿ ಮೇಲೆ ಬಂದವರ ಊರು ಇದು. ನಾನು ಬಂದ ಹೊಸದರಲ್ಲಿ ಶನಿವಾರ ಅರ್ಧ ದಿನದ ಬ್ಯಾಂಕು ಮುಗಿಸಿ ಸೀದಾ ಸಂಘದ ಲೈಬ್ರರಿಗೆ ಹೋಗುತ್ತಿದ್ದೆ. ಯಶವಂತ ಚಿತ್ತಾಲರ 'ಶಿಕಾರಿ' ಓದಿದ್ದು ಅಲ್ಲೇ. ಈಗ ಅದೇ ಲೈಬ್ರರಿಯ ನಾಲ್ಕು ಕಪಾಟಿಗೂ ಬೀಗ. ಬೀಗದ ಕೈ ವಿರಾರಿನಲ್ಲಿರುವ ಒಬ್ಬರ ಹತ್ತಿರ ಇದೆಯಂತೆ, ಅವರಿಗೆ ಮಂಡಿನೋವು.

ಇದನ್ನೆಲ್ಲ ಫೆಬ್ರವರಿಯ ಮೀಟಿಂಗಿನಲ್ಲಿ ಹೇಳಿದೆ. ಬಂದ ಉತ್ತರಗಳನ್ನು ಕೇಳಬೇಕು ನೀವು.

"ಮಕ್ಕಳು ಬರುವುದೇ ದೊಡ್ಡದು, ವಾತಾವರಣ ಸಿಗ್ತದಲ್ಲ" ಅಂದರು ಒಬ್ಬರು. ಯಾವ ವಾತಾವರಣ ಸ್ವಾಮಿ? ಸಾಹಿತ್ಯ ಅಂದರೆ ಹಸಿವೆಯಾದರೂ ಅಲ್ಲಾಡದೆ ಕೂತು ದೊಡ್ಡವರು ಒಬ್ಬರನ್ನೊಬ್ಬರು ಹೊಗಳುವುದನ್ನು ಕೇಳುವುದು ಅನ್ನುವ ವಾತಾವರಣ ತಾನೇ? ಹದಿನಾಲ್ಕು ವರ್ಷದ ಹುಡುಗನಿಗೆ ಒಮ್ಮೆ ಹೀಗೆ ಅನಿಸಿಬಿಟ್ಟರೆ ಆಮೇಲೆ ಅವನನ್ನು ಪುಸ್ತಕದ ಹತ್ತಿರ ಕರೆದುಕೊಂಡು ಬರುವುದು ಬಹಳ ಕಷ್ಟ. ಕಾರ್ಯಕ್ರಮ ಮಾಡದೇ ಇದ್ದಿದ್ದರೆ ಅಷ್ಟಾದರೂ ಉಪಕಾರವಾಗುತ್ತಿತ್ತು.

"ಈಗಿನ ಮಕ್ಕಳು ಓದುವುದಿಲ್ಲ, ಮೊಬೈಲು" ಅಂದರು ಇನ್ನೊಬ್ಬರು. ಹೇಳುವಾಗ ಅವರ ಕೈಯಲ್ಲೇ ಮೊಬೈಲಿತ್ತು, ಇರಲಿ. ಓದಲಿಕ್ಕೆ ಕೊಟ್ಟು ನೋಡಿದ್ದೇವೆಯೇ? ಜಯಂತ ಕಾಯ್ಕಿಣಿಯವರ 'ದಗಡೂ ಪರಬನ ಅಶ್ವಮೇಧ' ಪುಸ್ತಕವಾಗಿ ಬಂದದ್ದು 1989ರಲ್ಲಿ. ಮದುವೆ ದಿಬ್ಬಣದ ಕುದುರೆ ಮದುಮಗನನ್ನು ಹೊತ್ತುಕೊಂಡೇ ಮುಂಬಯಿಯ ಬೀದಿಗಳಲ್ಲಿ ಓಟ ಕೀಳುವ ಕತೆ. ಈ ಊರಿನ ಯಾವ ಹುಡುಗನಿಗೆ ಅದು ಬೇಡ? ಅವರ ಮುಂಬಯಿ ಕತೆಗಳ ಇಂಗ್ಲಿಷ್ ಅನುವಾದಕ್ಕೆ 2018ರ ಸಾಲಿನ ಡಿಎಸ್‌ಸಿ ಪ್ರಶಸ್ತಿ ಬಂತು, ನಾವು ವಾಟ್ಸಾಪಿನಲ್ಲಿ ಹೂಗುಚ್ಛ ಹಾಕಿದೆವು. ಇಲ್ಲಿಯ ಕನ್ನಡ ಶಾಲೆಗೆ ಒಂದು ಪ್ರತಿ ಕಳಿಸಲಿಲ್ಲ. ಬೊಳುವಾರು ಮಹಮದ್ ಕುಂಞಿ ಅವರ ಗಾಂಧಿ ಪುಸ್ತಕಕ್ಕೆ, ನಾ. ಡಿಸೋಜರ 'ಮುಳುಗಡೆಯ ಊರಿಗೆ ಬಂದವರು' ಕಾದಂಬರಿಗೆ ಸಾಹಿತ್ಯ ಅಕಾಡೆಮಿಯ ಬಾಲ ಪುರಸ್ಕಾರ ಬಂದಿದೆ. ಈ ವಯಸ್ಸಿನ ಮಕ್ಕಳಿಗೆ ಕೊಡಲಿಕ್ಕೆ ಕನ್ನಡದಲ್ಲಿ ಏನೂ ಇಲ್ಲ ಅನ್ನುವ ಹಾಗಿಲ್ಲ.

ಮೂರನೆಯದು ನಮ್ಮ ಹಿರಿಯರೊಬ್ಬರ ಮಾತು. "ಈ ಶಾಲೆಗಳೇ ಇನ್ನು ನಾಲ್ಕು ವರ್ಷಕ್ಕೆ ಮುಚ್ಚುತ್ತವೆ ಮಾರಾಯಾ, ಯಾಕೆ ಸುಮ್ಮನೆ ಖರ್ಚು?" ಇದಕ್ಕೆ ಮಾತ್ರ ನನಗೆ ತಕ್ಷಣ ಉತ್ತರ ಬರಲಿಲ್ಲ. ಬ್ಯಾಂಕಿನ ಭಾಷೆಯಲ್ಲಿ ಅದು ರೈಟ್ ಆಫ್. ವಸೂಲಾಗದ ಸಾಲವನ್ನು ಪುಸ್ತಕದಿಂದ ತೆಗೆದುಹಾಕುವುದು. ಆದರೆ ರೈಟ್ ಆಫ್ ಮಾಡುವ ಮೊದಲು ಸಾಲ ಕೊಟ್ಟಿರಬೇಕಲ್ಲ? ನಾವು ಆ ಮಕ್ಕಳಿಗೆ ಕೊಟ್ಟದ್ದಾದರೂ ಏನು? ಆ ಹುಡುಗಿಯ ಶಾಲೆಯಲ್ಲಿ ಮೂರು ಕ್ಲಾಸೂ ಸೇರಿ ಹೈಸ್ಕೂಲಿಗೆ ಇರುವುದು ಮೂವತ್ತೊಂದು ಮಕ್ಕಳು. ಶಾಲೆ ಮುಚ್ಚಿದರೂ ಆ ಮೂವತ್ತೊಂದು ಜನ ಇಲ್ಲೇ ಇರುತ್ತಾರೆ, ಇನ್ನೂ ಐವತ್ತು ವರ್ಷ ಕನ್ನಡ ಓದಬಲ್ಲವರಾಗಿ.

ಬೇರೆ ಕಡೆ ಹೇಗೆ ಮಾಡುತ್ತಾರೆ ಅಂತ ಒಂದು ಉದಾಹರಣೆ ಹೇಳುತ್ತೇನೆ. ಫ್ರಾನ್ಸಿನಲ್ಲಿ ಗೊಂಕೂರ್ ಅಂತ ಅವರ ದೊಡ್ಡ ಕಾದಂಬರಿ ಪ್ರಶಸ್ತಿ. ದೊಡ್ಡವರ ಸಮಿತಿ ಪ್ರತಿ ವರ್ಷ ಹತ್ತು ಹದಿನೈದು ಕಾದಂಬರಿಗಳ ಪಟ್ಟಿ ಮಾಡುತ್ತದೆ. 1988ರಲ್ಲಿ ರೆನ್ ಎಂಬ ಊರಿನಲ್ಲಿ ಒಂದು ಪುಸ್ತಕದಂಗಡಿ ಕಂಪನಿಯವರೂ ಶಿಕ್ಷಕರೂ ಸೇರಿ, ಅದೇ ಪಟ್ಟಿಯನ್ನು ಶಾಲೆಯ ಮಕ್ಕಳ ಕೈಗೆ ಕೊಟ್ಟರೆ ಹೇಗೆ ಅಂತ ಶುರು ಮಾಡಿದರು. ಈಗ ಸುಮಾರು ಎರಡು ಸಾವಿರ ಮಕ್ಕಳು, ಹದಿನೈದರಿಂದ ಹದಿನೆಂಟು ವರ್ಷದವರು, ಎರಡು ತಿಂಗಳಲ್ಲಿ ಆ ಕಾದಂಬರಿಗಳನ್ನು ಓದುತ್ತಾರೆ. ಪುಸ್ತಕ ಅವರಿಗೆ ಪುಕ್ಕಟೆ. ಕ್ಲಾಸಿನಲ್ಲಿ ಜಗಳ ಆಡುತ್ತಾರೆ. ಲೇಖಕರನ್ನು ಕಂಡು ಪ್ರಶ್ನೆ ಕೇಳುತ್ತಾರೆ. ಕೊನೆಗೆ ತಮ್ಮ ಪ್ರತಿನಿಧಿಗಳನ್ನು ಕಳಿಸಿ, ಬಾಗಿಲು ಹಾಕಿ ಚರ್ಚೆ ಮಾಡಿ, ತಮ್ಮದೇ ಪ್ರಶಸ್ತಿ ಕೊಡುತ್ತಾರೆ. ದೊಡ್ಡವರು ಆರಿಸಿದ್ದನ್ನೇ ಆರಿಸಬೇಕು ಅಂತೇನೂ ಇಲ್ಲ. ಆ ಮಕ್ಕಳು ಆರಿಸಿದ ಪುಸ್ತಕ ಅಂದರೆ ಅಲ್ಲಿಯ ಓದುಗರು ಅಂಗಡಿಗೆ ಹೋಗಿ ಕೇಳಿ ತೆಗೆದುಕೊಳ್ಳುತ್ತಾರೆ.

"ನಾವೇನು ಫ್ರಾನ್ಸಾ?" ಅಂದರು ಅಧ್ಯಕ್ಷರು. ಅಲ್ಲ. ನಮಗೆ ಎರಡು ಸಾವಿರ ಮಕ್ಕಳಿಲ್ಲ, ಹದಿನೈದು ಕಾದಂಬರಿ ಬೇಡ. ನಮಗಿರುವುದು ಮೂರು ಶಾಲೆಯ ನೂರಿಪ್ಪತ್ತು ಮಕ್ಕಳು. ಒಂದೇ ಪುಸ್ತಕ ಸಾಕು. ಜೂನ್‌ನಲ್ಲಿ ಶಾಲೆ ಶುರುವಾದ ಕೂಡಲೇ ಮೂವರಿಗೆ ಒಂದರಂತೆ ನಲವತ್ತು ಪ್ರತಿ ಹಂಚಿ. ಜನವರಿಯವರೆಗೆ ಏಳು ತಿಂಗಳಿದೆ. ಬರೆದವರನ್ನು ಕರೆಸಿ, ವೇದಿಕೆ ಬೇಡ, ಮಕ್ಕಳ ನಡುವೆ ಒಂದು ಕುರ್ಚಿ ಹಾಕಿ ಕೂರಿಸಿ, ಒಂದೂವರೆ ಗಂಟೆ ಬಿಟ್ಟುಬಿಡಿ. ನಾವು ಹೊರಗೆ ನಿಂತು ಚಾ ಕುಡಿಯುವ. ಸನ್ಮಾನ ಮಾಡಲೇಬೇಕೆಂದಿದ್ದರೆ ಸಂಜೆ ಮಾಡಿಕೊಳ್ಳಿ, ಮಕ್ಕಳನ್ನು ಮನೆಗೆ ಕಳಿಸಿದ ಮೇಲೆ.

'ಮುಂದಿನ ಮೀಟಿಂಗಿನಲ್ಲಿ ನೋಡುವ' ಅಂತ ಮಿನಿಟ್ಸ್ ಬರೆದರು. ಮುಂದಿನ ಮೀಟಿಂಗು ಏಪ್ರಿಲ್ ಕೊನೆಗೆ. ಈ ಸಲದ ಸ್ಮರಣಿಕೆಯ ಅಡ್ವಾನ್ಸ್ ಚೆಕ್ಕಿಗೆ ಸಹಿ ಹಾಕುವುದಿಲ್ಲ ಅಂತ ನಾನೂ ಹೇಳಿ ಬಂದಿದ್ದೇನೆ. ಹುದ್ದೆ ಹೋದರೆ ಹೋಗಲಿ, ಭಾನುವಾರವಾದರೂ ಉಳಿಯುತ್ತದೆ.

ಈ ಮಧ್ಯೆ ಒಂದು ಸಣ್ಣ ಕೆಲಸ ಮಾಡಿದೆ. ಬೆಂಗಳೂರಿನಿಂದ ಆ ಕತೆಗಾರರ ಪುಸ್ತಕದ ಹತ್ತು ಪ್ರತಿ ಕೊರಿಯರ್‌ನಲ್ಲಿ ತರಿಸಿ ಹುಡುಗಿಯ ಶಾಲೆಗೆ ಕೊಟ್ಟು ಬಂದೆ. ದೊಡ್ಡ ದಾನವೇನಲ್ಲ, ನಮ್ಮ ಮನೆಯವರೊಟ್ಟಿಗೆ ಹೊಟೇಲಿಗೆ ಹೋದರೆ ಆಗುವಷ್ಟು ಖರ್ಚು. ಮೊನ್ನೆ ಅಲ್ಲಿಯ ಕನ್ನಡ ಟೀಚರ್ ಫೋನ್ ಮಾಡಿದ್ದರು. ಪರೀಕ್ಷೆಯ ನಡುವೆಯೂ ಇಪ್ಪತ್ತೆರಡು ಮಕ್ಕಳು ಓದಿದ್ದಾರಂತೆ, ಎರಡು ಪುಸ್ತಕದ ರಕ್ಷಾಪುಟ ಹರಿದಿದೆಯಂತೆ. ಅವರು ಅದಕ್ಕೆ ಕ್ಷಮೆ ಕೇಳುತ್ತಿದ್ದರು! ಆಮೇಲೆ ಸ್ವಲ್ಪ ಅಳುಕಿನಿಂದಲೇ ಇನ್ನೊಂದು ವಿಷಯ ಹೇಳಿದರು. ಆ ಹುಡುಗಿಗೆ ಮೂರನೇ ಕತೆಯ ಕೊನೆ ಸರಿ ಕಾಣಲಿಲ್ಲವಂತೆ. ಕತೆಯ ಅಜ್ಜಿ ಆಕಳನ್ನು ಕೊಟ್ಟಿಗೆಯಲ್ಲಿ ಕಟ್ಟಿಟ್ಟು ಹಾಗೆ ಮನೆ ಬಿಟ್ಟು ಹೋಗಲಿಕ್ಕೆ ಸಾಧ್ಯವೇ ಇಲ್ಲ, ನಮ್ಮಜ್ಜಿ ಆಗಿದ್ದರೆ ಮೊದಲು ಹಗ್ಗ ಬಿಚ್ಚುತ್ತಿದ್ದಳು ಅಂತ ನೋಟ್‌ಬುಕ್ಕಿನ ಎರಡು ಪುಟ ಬರೆದಿದ್ದಾಳಂತೆ.

ರಾತ್ರಿಯೇ ಕತೆಗಾರರಿಗೆ ಫೋನ್ ಮಾಡಿ ಹೇಳಿದೆ. ಅವರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಲೈನು ಕಟ್ಟಾಯಿತೇನೋ ಅಂತ ಹಲೋ ಹಲೋ ಅಂದೆ.

"ಇದ್ದೇನೆ, ಇದ್ದೇನೆ. ಆ ಎರಡು ಪುಟ ನನಗೆ ಕಳಿಸಲಿಕ್ಕೆ ಆಗ್ತದಾ ಕೇಳಿ. ಶಾಲೆಯ ವಿಳಾಸವನ್ನೂ ಕೊಡಿ" ಅಂದರು.

ಕೊಟ್ಟಿದ್ದೇನೆ.