ಮುದ್ದೆಯ ಜೊತೆಗೆ ಕಾಳೂ ಇರಲಿ

ತಮಿಳುನಾಡಿನ ಮತ್ತಿಗಿರಿ, ಹೊಸೂರು, ಕೃಷ್ಣಗಿರಿ ಭಾಗದ ಕನ್ನಡಿಗರಲ್ಲಿ ಮಾಂಸ ತಿನ್ನದವರೂ ಬೆಲೆಗೆ ಅಂಜಿ ಮಾಂಸವನ್ನು ಕಡಿಮೆ ಮಾಡಿದವರೂ ಒಂದು ಮಾತನ್ನು ಮನಸ್ಸಿಗೆ ತಂದುಕೊಳ್ಳಬೇಕಾಗಿದೆ. ಮಾಂಸದ ಜಾಗವನ್ನು ಬರಿಯ ಅನ್ನ ಅಥವಾ ಮುದ್ದೆ ತುಂಬಿದರೆ ಹೊಟ್ಟೆ ತುಂಬುತ್ತದೆಯೇ ಹೊರತು, ಸ್ನಾಯುಗಳನ್ನು ಕಟ್ಟುವ ಮತ್ತು ಸವೆದ ದೇಹವನ್ನು ಸರಿಪಡಿಸುವ ಸತ್ವವಾದ ಪ್ರೋಟೀನು ಸಾಕಷ್ಟು ಸಿಗುವುದಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ, ಎಂದರೆ 60 ಕಿಲೋ ತೂಗುವವರಿಗೆ ಸುಮಾರು 50 ಗ್ರಾಂ ಪ್ರೋಟೀನು ಬೇಕು. ನೂರು ಗ್ರಾಂ ರಾಗಿಯಲ್ಲಿ ಇದು ಸುಮಾರು 7 ಗ್ರಾಂ ಮಾತ್ರವಿದ್ದರೆ, ಅಷ್ಟೇ ಹುರುಳಿಯಲ್ಲಿ ಅಥವಾ ತೊಗರಿಬೇಳೆಯಲ್ಲಿ 20 ಗ್ರಾಂ ಮೀರುತ್ತದೆ. ಪ್ರೋಟೀನಿನ ಇಟ್ಟಿಗೆಗಳೆನ್ನಬಹುದಾದ ಅಮೈನೋ ಆಮ್ಲಗಳಲ್ಲಿ ಲೈಸಿನ್ ಧಾನ್ಯದಲ್ಲಿ ಕಡಿಮೆ, ಕಾಳಿನಲ್ಲಿ ಹೆಚ್ಚು. ಮೆಥಿಯೋನಿನ್ ಕಾಳಿನಲ್ಲಿ ಕಡಿಮೆ, ಧಾನ್ಯದಲ್ಲಿ ಹೆಚ್ಚು. ರಾಗಿ ಹೊಲದಲ್ಲಿ ಅವರೆ, ತೊಗರಿಗಳನ್ನು ಅಕ್ಕಡಿಸಾಲಾಗಿ ಬಿತ್ತುವ ಈ ಸೀಮೆಯ ಬೇಸಾಯದಲ್ಲಿ ಎರಡೂ ಒಂದೇ ಮಣ್ಣಿನಲ್ಲಿ ಬೆಳೆದು, ತಟ್ಟೆಯಲ್ಲಿ ಒಂದರ ಕೊರತೆಯನ್ನು ಇನ್ನೊಂದು ನೀಗಿಸುತ್ತವೆ.

ಅಂಗಡಿಗಳಲ್ಲಿ ಮೀಲ್ ಮೇಕರ್ ಎಂದು ಕೇಳಿ ಪಡೆಯುವ ಸೋಯಾ ಉಂಡೆ, ಎಣ್ಣೆ ತೆಗೆದ ಸೋಯಾ ಹಿಟ್ಟಿನಿಂದ ತಯಾರಾಗುವುದರಿಂದ, ಒಣಗಿದ ನೂರು ಗ್ರಾಮಿನಲ್ಲಿ ಸುಮಾರು 50 ಗ್ರಾಂ ಪ್ರೋಟೀನು ಹೊಂದಿರುತ್ತದೆ. ಬಿಸಿನೀರಿನಲ್ಲಿ ನೆನೆಸಿ, ಹಿಂಡಿ, ಮಾಂಸದ ಸಾರಿನ ಮಸಾಲೆಯಲ್ಲೇ ಬೇಯಿಸಿದರೆ ಅದು ಮುದ್ದೆಗೆ ಚೆನ್ನಾಗಿ ಹೊಂದುತ್ತದೆ. ಇನ್ನೂರು ಗ್ರಾಂ ರಾಗಿಹಿಟ್ಟು, ನೂರು ಗ್ರಾಂ ಅಕ್ಕಿ, 60 ಗ್ರಾಂ ಹುರುಳಿ, 25 ಗ್ರಾಂ ಸೋಯಾ ಉಂಡೆ, ಒಂದು ಹಿಡಿ ಕಡಲೆಕಾಯಿ ಬೀಜ ಇಷ್ಟರಲ್ಲಿ ದಿನದ 50 ಗ್ರಾಂ ಕೂಡಿಬರುತ್ತದೆ. ಇದಕ್ಕೆ ದುಬಾರಿ ಡಬ್ಬದ ಪುಡಿ ಬೇಕಾಗಿಲ್ಲ.

ಆದರೆ ಲೆಕ್ಕ ತಪ್ಪುವುದು ಪಾತ್ರೆಯ ತಳದಲ್ಲಿ. ಹುರುಳಿಯ ಕಟ್ಟನ್ನು ಮಾತ್ರ ಬಸಿದುಕೊಂಡು ಕಾಳನ್ನು ಬಿಟ್ಟರೆ, ತಿಳಿಸಾರನ್ನು ಮೇಲಿಂದ ಬಡಿಸಿ ಬೇಳೆಯನ್ನು ತಳದಲ್ಲೇ ಉಳಿಸಿದರೆ, ಪ್ರೋಟೀನಿನ ಬಹುಪಾಲು ಅಲ್ಲೇ ಉಳಿಯುತ್ತದೆ. ಆದ್ದರಿಂದ ಬಸಿದ ಕಾಳು ಪಲ್ಯವಾಗಿ ತಟ್ಟೆಗೆ ಬರಲಿ. ರಾತ್ರಿ ನೆನೆಸಿ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿದ ಹುರುಳಿ ಸುಲಭವಾಗಿ ಜೀರ್ಣವಾಗುವುದರಿಂದ ಅದನ್ನು ಮಕ್ಕಳಿಗೂ ಹಿರಿಯರಿಗೂ ಕೊಡಬಹುದು. ಬಿ12 ಜೀವಸತ್ವ ಸಸ್ಯಮೂಲದ ಆಹಾರದಲ್ಲಿ ಸಿಗದ ಕಾರಣ ಹಾಲು, ಮೊಸರನ್ನೂ ಬಿಟ್ಟವರು ವೈದ್ಯರ ಸಲಹೆ ಪಡೆಯಬೇಕು. ಮೂತ್ರಪಿಂಡದ ಕಾಯಿಲೆಯುಳ್ಳವರು ಪ್ರೋಟೀನನ್ನು ಹೆಚ್ಚಿಸುವ ಮೊದಲು ವೈದ್ಯರನ್ನು ಕೇಳಬೇಕು.

ತಮಿಳುನಾಡಿನ ನ್ಯಾಯಬೆಲೆ ಅಂಗಡಿಯಲ್ಲಿ ರಿಯಾಯಿತಿ ದರಕ್ಕೆ ಸಿಗುವ ತೊಗರಿಬೇಳೆಯನ್ನು ಯಾವ ಕುಟುಂಬವೂ ಕೈಬಿಡದಿರಲಿ, ಮನೆಯಲ್ಲಿ ಬಡಿಸುವ ಕೈ ಸೌಟನ್ನು ತಳಕ್ಕಿಳಿಸಿ, ದುಡಿದು ಬಂದವರಿಗೂ ಬೆಳೆಯುವ ಮಕ್ಕಳಿಗೂ, ಎಲ್ಲರಿಗೆ ಬಡಿಸಿ ಕೊನೆಗೆ ಉಣ್ಣುವ ತಾಯಿಗೂ ಕಾಳನ್ನು ಸಮನಾಗಿ ಹಂಚಲಿ ಎಂಬುದೇ ಈ ಸೀಮೆಯ ಎಲ್ಲ ಮನೆಗಳಲ್ಲಿ ಕಳಕಳಿಯ ಮನವಿ.